ಪ್ಲಾಸ್ಟರ್ ಬಿಗಿಯುವಷ್ಟು ಹೊತ್ತು

"ನಮ್ಮಮ್ಮನ ಕೈಗೆ ಚಮಚ ಕೊಟ್ಟಿದ್ದು ಯಾರು?"

"ಮೊದಲು ಬಾಗಿಲು ಹಾಕು. ಪಕ್ಕದ ರೂಮಿನವರಿಗೆಲ್ಲ ಕೇಳುತ್ತೆ."

"ಕೇಳಲಿ! ನಾಳೆ ಊರಿಗೆಲ್ಲ ತೋರಿಸೋಳು ನೀನು, ಇವತ್ತು ಪಕ್ಕದ ರೂಮಿಗೆ ಹೆದರ್ತೀಯಾ? ಯಾರು ಕೊಟ್ಟಿದ್ದು ಹೇಳು."

"ನಾನೇ."

"ಯಾಕೆ?"

ಅವಳು ಕಿಟಕಿಯ ಕಡೆ ತಿರುಗಿದಳು. ಕಲಾಶಾಲೆಯ ಮೂರನೇ ಮಹಡಿಯ ಉದ್ದನೆಯ ಕೋಣೆ ಅದು. ಕಿಟಕಿಯ ಪಕ್ಕ ಅವನೇ ಮಾಡಿಕೊಟ್ಟ ಮರದ ಸ್ಟ್ಯಾಂಡು, ಅದರ ಮೇಲೆ ಎರಡು ಬಿಳಿ ಪ್ಲಾಸ್ಟರ್ ಕೈಗಳು. ಒಂದು ಅವನದು, ಇಲ್ಲದ ಗ್ಲಾಸೊಂದನ್ನು ಹಿಡಿದ ಕೈ. ಅದಕ್ಕೆ ಎದುರಾಗಿ ಇನ್ನೊಂದು, ಸಣ್ಣ ಸ್ಟೀಲ್ ಚಮಚ ಹಿಡಿದು ಮುಂದಕ್ಕೆ ಬಾಗಿದ ಹೆಂಗಸಿನ ಕೈ. ಅಲ್ಲಾಡುತ್ತಿದ್ದ ಸ್ಟ್ಯಾಂಡಿನ ಕಾಲು ಸರಿಮಾಡಲು ಬಂದವನು, ಮೇಲೆ ಹೊದಿಸಿದ್ದ ಬಟ್ಟೆಯನ್ನು ಎತ್ತಿ ನೋಡಿಬಿಟ್ಟಿದ್ದ.

"ಎಲ್ಲೂ ಹೆಸರು ಹಾಕಿಲ್ಲ," ಅಂದಳು. "ಯಾರ ಕೈ ಅಂತ ಯಾರಿಗೂ ಗೊತ್ತಾಗಲ್ಲ."

"ಯಾರಿಗೂ? ಆ ಕಿರುಬೆರಳು ಸೊಟ್ಟ ಇದೆ ನೋಡು. ತೋರುಬೆರಳ ಉಗುರಲ್ಲಿ ಮಿಷಿನ್ ಸೂಜಿ ಹೊಕ್ಕ ಗುರುತು ನೋಡು. ಈ ಬೀದಿಯ ಅರ್ಧ ಜನರ ಪ್ಯಾಂಟಿನ ಅಂಚು ಮಡಚಿ ಹೊಲಿದ ಕೈ ಅದು. ಬೇರೆಯವರು ಹಾಳಾಗಿ ಹೋಗಲಿ, ಅಮ್ಮನಿಗೇ ಗೊತ್ತಾಗಲ್ವಾ? ನಾಳೆ ಹನ್ನೊಂದಕ್ಕೆ ಬರ್ತಾಳೆ. 'ನನ್ನ ಕೈ ಎಕ್ಸಿಬಿಷನ್‌ಗೆ ಹೋಗಿದೆ' ಅಂತ ಗಿರಾಕಿಗಳಿಗೆಲ್ಲ ಹೇಳ್ಕೊಂಡು ತಿರುಗ್ತಿದಾಳೆ!"

"ಅದರಲ್ಲಿ ಅವಮಾನ ಮಾಡೋದೇನಿಲ್ಲ. ಪ್ರೀತಿಯಿಂದಾನೇ..."

"ಪ್ರೀತಿ ಅನ್ನಬೇಡ. ನಾನು ಆ ವಿಷಯ ಯಾರಿಗೆ ಹೇಳಿದ್ದೆ? ಪ್ರಾಜೆಕ್ಟ್ ಮಾಡೋ ಸ್ಟೂಡೆಂಟಿಗಾ? ನಿನಗೆ ಹೇಳಿದ್ದೆ. ನಿನಗೆ!"

"ಎರಡೂ ನಾನೇ ಅಲ್ವಾ?"

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಹೋಯಿತು. ಅವನ ಮುಖದ ಕೆಂಪೆಲ್ಲ ಒಮ್ಮೆಗೇ ಇಳಿದು ಬೂದಿಯಾಯಿತು.

"ಮೊದಲೇ ಹೇಳಬೇಕಿತ್ತು," ಅಂದ ಮೆಲ್ಲಗೆ. "ನಾನು ಒಬ್ಬಳ ಜೊತೆ ಇದೀನಿ ಅಂದ್ಕೊಂಡಿದ್ದೆ."

ಬಾಗಿಲ ತನಕ ಹೋಗಿ, ಬೆನ್ನು ತಿರುಗಿಸಿಯೇ ಹೇಳಿದ. "ನಾಳೆ ಹನ್ನೊಂದರೊಳಗೆ ಅದು ಅಲ್ಲಿರಬಾರದು."

ಅವನ ಹೆಜ್ಜೆ ಮೆಟ್ಟಿಲಿಳಿದು ಕಿವಿಯಿಂದ ಮರೆಯಾದ ಮೇಲೆ ಅವಳು ಮೇಜು ನೋಡಿದಳು. ಹಳದಿ ಬಣ್ಣದ ಮಡಚುವ ಅಳತೆಕೋಲು ಅಲ್ಲೇ ಇತ್ತು. ಅವಳಿಗೆ ಅರ್ಧ ಜೀವ ಬಂತು. ಅಳತೆಕೋಲು ಇದ್ದರೆ ಅವನು ಬರುತ್ತಾನೆ. ಹತ್ತು ತಿಂಗಳಿಂದ ಹಾಗೇ ನಡೆದುಕೊಂಡು ಬಂದಿತ್ತು.

*

ಹತ್ತು ತಿಂಗಳ ಹಿಂದೆ ಅವಳು ಕಾಲೇಜಿನ ನೆಲಮಾಳಿಗೆಯ ವರ್ಕ್‌ಶಾಪಿಗೆ ಇಳಿದುಹೋಗಿದ್ದಳು. ಆರು ವರ್ಷ ಫೋಟೊ ಸ್ಟುಡಿಯೋದಲ್ಲಿ ಬೇರೆಯವರ ಮದುವೆಯ ಮುಖಗಳನ್ನು ತಿದ್ದಿ ತಿದ್ದಿ ಸಾಕಾಗಿ, ಇಪ್ಪತ್ತೇಳರ ವಯಸ್ಸಿನಲ್ಲಿ ಮತ್ತೆ ಓದಲು ಬಂದವಳು. ಅಲ್ಲಿ ಒಬ್ಬ ಕಾರ್ಪೆಂಟರ್ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಹಲಗೆ ಉಜ್ಜುತ್ತಿದ್ದ.

"ಹನ್ನೊಂದು ಸ್ಟ್ಯಾಂಡ್ ಬೇಕು."

"ಎತ್ತರ?"

"ಎದೆ ಮಟ್ಟ."

"ಯಾರ ಎದೆ?"

ಅವಳು ಕಣ್ಣು ಕೆಂಪು ಮಾಡಿದಳು. ಅವನು ಅಳತೆಕೋಲು ಬಿಚ್ಚಿ ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡು, "ಅಲ್ಲ, ನಿಮಗೂ ನನಗೂ ಐದು ಇಂಚು ವ್ಯತ್ಯಾಸ ಇದೆ, ಅದಕ್ಕೆ ಕೇಳಿದೆ," ಅಂದ. ಅಂದಮೇಲೆ ತಾನು ಕೇಳಿದ್ದೇನು ಅಂತ ಅವನಿಗೇ ಹೊಳೆಯಿತು. ಕಿವಿಗಳೆರಡೂ ಕೆಂಡವಾದವು. ಹಲಗೆಯ ಮೇಲೆ ಬಗ್ಗಿದವನು ಮೇಲೇಳಲೇ ಇಲ್ಲ.

"ಯಾತಕ್ಕೆ ಸ್ಟ್ಯಾಂಡು?" ಅಂತ ಹಲಗೆಯನ್ನೇ ಕೇಳಿದ.

"ಕೈಗಳಿಗೆ. ಏನಾದ್ರೂ ಚಟ ಇರೋರ ಕೈ. ಸಿಗರೇಟು, ಇಸ್ಪೀಟು, ನಿದ್ದೆ ಮಾತ್ರೆ, ಫೋನು. ಅವರು ಅದನ್ನ ಹೇಗೆ ಹಿಡೀತಾರೋ ಹಾಗೆ ಪ್ಲಾಸ್ಟರಲ್ಲಿ ಅಚ್ಚು ತೆಗೀತೀನಿ. ಆದ್ರೆ ಕೈಯಲ್ಲಿ ವಸ್ತು ಇರಲ್ಲ. ಬರೀ ಹಿಡಿತ ಇರುತ್ತೆ. ಹತ್ತು ಜನ ಸಿಕ್ಕಿದಾರೆ, ಇನ್ನೊಬ್ಬರು ಬೇಕು."

ಅವನು ಉಜ್ಜುವುದನ್ನು ನಿಲ್ಲಿಸಿ ಬಲಗೈಯನ್ನು ಅವಳ ಮುಂದೆ ಮರದ ಪುಡಿಯ ನಡುವೆ ಇಟ್ಟ.

"ಇದನ್ನ ತಗೊಳ್ಳಿ. ಒಂದು ವರ್ಷ ಐದು ತಿಂಗಳಿಂದ ಖಾಲಿ ಇದೆ."

ಕೈಯ ಅಚ್ಚು ತೆಗೆಯುವುದು ಹೀಗೆ. ಕೈಗೆ ಎಣ್ಣೆ ಸವರಬೇಕು. ಮುರಿದ ಮೂಳೆಗೆ ಕಟ್ಟುವಂಥ ಪ್ಲಾಸ್ಟರ್ ಪಟ್ಟಿಗಳನ್ನು ನೀರಲ್ಲಿ ಅದ್ದಿ ಬೆರಳು ಬೆರಳಿಗೂ ಸುತ್ತಬೇಕು. ಆಮೇಲೆ ಇಪ್ಪತ್ತು ನಿಮಿಷ ಅಲ್ಲಾಡಬಾರದು; ಬಿಗಿದ ಪಟ್ಟಿಯನ್ನು ಸೀಳಿ ತೆಗೆದು ಒಳಗೆ ಪ್ಲಾಸ್ಟರ್ ಸುರಿದರೇ ಬಿಳಿ ಕೈ. ಪ್ಲಾಸ್ಟರ್ ಬಿಗಿಯುತ್ತ ಬಿಗಿಯುತ್ತ ಬೆಚ್ಚಗಾಗುತ್ತದೆ, ಯಾರೋ ಕೈಹಿಡಿದ ಹಾಗೆ. ಆಗ ಜನ ಮಾತಾಡುತ್ತಾರೆ. ಯಾಕೆ ಅಂತ ಕೇಳಬೇಡಿ, ಮಾತಾಡುತ್ತಾರೆ. ಮೇಜಿನ ಮೇಲೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿರುತ್ತದೆ. ಐದು ನಿಮಿಷಕ್ಕೆ ಅದು ಇದೆ ಅನ್ನುವುದೇ ಅವರಿಗೆ ಮರೆತುಹೋಗುತ್ತದೆ.

ಅವನು ಮಾತ್ರ ಮೊದಲ ದಿನ ಬಾಯಿ ಬಿಡಲಿಲ್ಲ. ಹನ್ನೆರಡನೇ ನಿಮಿಷಕ್ಕೆ ಒಂದೇ ಮಾತು ಹೇಳಿದ. "ಮೂಗು ಕೆರೀತಿದೆ."

"ತಡ್ಕೊಳ್ಳಿ."

"ಆಗ್ತಿಲ್ಲ. ಸತ್ತೇ ಹೋಗ್ತೀನಿ."

ಅವಳೇ ಕೆರೆದಳು. ಅವಳ ಬೆರಳಿನ ಪ್ಲಾಸ್ಟರೆಲ್ಲ ಅವನ ಮೂಗಿಗೆ ಮೆತ್ತಿಕೊಂಡಿತು. ಅವಳು ಕಿಸಕ್ಕೆಂದಳು, ಅವನೂ ನಕ್ಕ. ಪಟ್ಟಿ ಬಿರುಕುಬಿಟ್ಟು ಮೊದಲ ಅಚ್ಚು ಕಸದ ಬುಟ್ಟಿ ಸೇರಿತು.

ಎರಡನೆಯದು ಅವನಿಗೆ ಸೀನು ಬಂದು ಹಾಳಾಯಿತು. ಮೂರನೆಯದು ಅವಳು ಎಣ್ಣೆ ಸವರಲು ಮರೆತು ಹಾಳಾಯಿತು, ಕೈಮೇಲಿನ ಕೂದಲೆಲ್ಲ ಕಿತ್ತುಬಂದು ಅವನು ಕೂಗಿಕೊಂಡ ಕೂಗು ಕೆಳಗಿನ ಮಹಡಿಗೂ ಕೇಳಿಸಿತು. ನಾಲ್ಕನೆಯದು ಸರಿಯಾಗೇ ಬಂತು. ಆದರೂ ಅವಳು ಅತ್ತಿತ್ತ ತಿರುಗಿಸಿ ನೋಡಿ, "ಹೆಬ್ಬೆರಳು ಸರಿ ಬಂದಿಲ್ಲ, ಇನ್ನೊಂದ್ಸಲ ಮಾಡಬೇಕು," ಅಂದಳು.

ಅವನು ಅಚ್ಚನ್ನು ನೋಡಿದ, ಅವಳನ್ನು ನೋಡಿದ. ತುಟಿಯ ಒಂದು ಮೂಲೆ ಮಾತ್ರ ಮೇಲೆ ಹೋಯಿತು.

"ಎಷ್ಟು ಇಂಚು ತಪ್ಪಿದೆ?"

"ನಿಮ್ಮ ಇಂಚಿಗೆ ಬೆಂಕಿ ಬಿತ್ತು. ಇಂಚಪ್ಪ!"

"ಸರಿ ಸುಣ್ಣಮ್ಮ, ನಾಳೆ ಬರ್ತೀನಿ."

ಕನ್ನಡಿ ನೋಡಿಕೊಂಡಾಗ ಅವಳ ಕೆನ್ನೆ, ಹುಬ್ಬು, ಜಡೆಯೆಲ್ಲ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಅಂದಿನಿಂದ ಅವಳು ಸುಣ್ಣಮ್ಮ, ಅವನು ಇಂಚಪ್ಪ. ಬಹುವಚನ ಯಾವ ದಿನ ಬಿದ್ದುಹೋಯಿತೋ ಇಬ್ಬರಿಗೂ ನೆನಪಿಲ್ಲ. ಅವನು ಹೋಗುವಾಗ ದಿನಾ ಅಳತೆಕೋಲು ಮರೆಯುತ್ತಿದ್ದ. ಮರದ ಕೆಲಸದವನು ಅಳತೆಕೋಲು ಮರೆತರೆ ಒಂದು ಗಂಟೆಯೂ ಬದುಕಲಾರ. ಅದಕ್ಕೇ ಗಂಟೆಯೊಳಗೆ ವಾಪಸ್ ಬರುತ್ತಿದ್ದ. ಅವಳೂ ಅದನ್ನು ಎತ್ತಿ ಕೊಡುತ್ತಿರಲಿಲ್ಲ. "ಎಲ್ಲಿಟ್ಟಿದೀಯೋ ಹುಡುಕ್ಕೋ," ಅನ್ನುತ್ತಿದ್ದಳು. ಕಣ್ಣೆದುರಿಗೆ ಬಿದ್ದಿರುವುದನ್ನು ಹುಡುಕಲು ಅವನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು.

*

ಒಂದು ಭಾನುವಾರ ಮಧ್ಯಾಹ್ನ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಅವನ ಕೈ ಪಟ್ಟಿಯೊಳಗಿತ್ತು. ಅವನು ರೆಕಾರ್ಡರಿನ ಕಡೆ ಗದ್ದ ತೋರಿಸಿ, "ಅದನ್ನ ಆಫ್ ಮಾಡು," ಅಂದ. ಅವಳು ಆಫ್ ಮಾಡಿದ್ದಲ್ಲದೆ ಬ್ಯಾಟರಿಯನ್ನೂ ತೆಗೆದು ಅವನ ಜೇಬಿಗೆ ಹಾಕಿದಳು.

"ಅಪ್ಪ ಮಿಲ್ಲಲ್ಲಿ ರಾತ್ರಿ ಪಾಳಿ," ಅಂತ ಶುರುಮಾಡಿದ. "ಹಗಲು ಮಲಗೋನು. ಒಂದೇ ಕೋಣೆ ಮನೆ. ನಾನು ಒಂದು ಗೋಲಿ ಉರುಳಿಸಿದ್ರೂ ಎದ್ದು ಬೆಲ್ಟ್ ತಗೊಳ್ಳೋನು. ನನಗೆ ಐದು ವರ್ಷ. ಐದು ವರ್ಷದ ಮಗು ಇಡೀ ದಿನ ಸದ್ದಿಲ್ಲದೆ ಹೇಗಿರುತ್ತೆ?"

"ಆಮೇಲೆ?"

"ಅಮ್ಮ ಕೆಮ್ಮಿನ ಔಷಧಿ ಕುಡಿಸೋಳು. ಕೆಮ್ಮಿರಲಿಲ್ಲ. ಒಂದು ಚಮಚ. 'ಆ ಅನ್ನು ಕಂದಾ' ಅನ್ನೋಳು. ಸಿಹಿ ಇರ್ತಿತ್ತು. ಎದೆಯಲ್ಲಿ ಬೆಚ್ಚಗೆ ಇಳೀತಿತ್ತು ನೋಡು, ಭಯ ಎಲ್ಲಾ ಹೋಗೋದು. ಅಪ್ಪನ ಗೊರಕೆ ಕೂಡ ಜೋಗುಳದ ಹಾಗೆ ಕೇಳಿಸೋದು. ಒಂಬತ್ತನೇ ವಯಸ್ಸಿಗೆ ನಾನೇ ಬಾಟಲಿ ಎಲ್ಲಿಡ್ತಾಳೆ ಅಂತ ಕಂಡುಹಿಡಿದೆ. ಆಮೇಲೆ ಬೇರೆ ಬಾಟಲಿ. ದೊಡ್ಡವನಾದ ಮೇಲೆ ಡಾಕ್ಟರು ಕೇಳಿದ್ರು, ಯಾಕೆ ಕುಡೀತೀಯ ಅಂತ. ಸ್ನೇಹಿತರ ಸಹವಾಸ ಅಂದೆ. ಅಮ್ಮನ ಹೆಸರು ಹೇಗೆ ಹೇಳಲಿ? ಅವಳು ನನ್ನ ಉಳಿಸೋಕೆ ಕೊಟ್ಟಿದ್ದು."

"ಅಮ್ಮನಿಗೆ ಗೊತ್ತಾ?"

"ನನಗೆ ಮರೆತುಹೋಗಿದೆ ಅಂದ್ಕೊಂಡಿದಾಳೆ. ಹಾಗೇ ಇರಲಿ. ಅದು ಗೊತ್ತಾದ್ರೆ ಅವಳು ಬದುಕಲ್ಲ ಕಣೇ."

ಅವಳು ಆ ಬೆಚ್ಚನೆಯ ಪ್ಲಾಸ್ಟರ್ ಕೈಯ ಮೇಲೆ ಕೆನ್ನೆ ಇಟ್ಟಳು. "ಇದು ಇಲ್ಲೇ ಇರುತ್ತೆ," ಅಂದಳು. "ನನ್ನ ಹತ್ರಾನೇ."

ಅಂದಾಗ ಅದು ನಿಜವೇ ಆಗಿತ್ತು. ಸುಳ್ಳು ಹೇಳುವ ಹೆಣ್ಣಲ್ಲ ಅವಳು.

ಕೆಡಿಸಿದ್ದು ಗೈಡ್ ಮೇಡಂ ಕೇಳಿದ ಪ್ರಶ್ನೆ. ಕನ್ನಡಕ ಮೂಗಿನ ತುದಿಗಿಳಿಸಿ ಹನ್ನೊಂದು ಕೈಗಳನ್ನೂ ಸುತ್ತಿಬಂದ ಮೇಡಂ, "ಏನು ಹಿಡೀತಾರೆ ಅಂತ ತೋರಿಸಿದೀಯ. ಯಾಕೆ ಹಿಡೀತಾರೆ? ನಿನ್ನ ವಿಷಯ ಚಟ ಮತ್ತು ಅದರ ಮನಸ್ಸಿನ ಕಾರಣ ಅಲ್ವಾ? ಕಾರಣ ಎಲ್ಲಿದೆ ಇಲ್ಲಿ?" ಅಂದರು.

ಕಾರಣ ಅವಳ ಹೊಟ್ಟೆಯಲ್ಲಿತ್ತು. ಹತ್ತು ಜನರ ಗಂಟೆಗಟ್ಟಲೆ ರೆಕಾರ್ಡಿಂಗ್ ಮತ್ತೆ ಮತ್ತೆ ಕೇಳಿದಳು. ಒಂಟಿತನ, ಸಾಲು ಸಾಲು ಸೋಲು, ಸತ್ತ ಹೆಂಡತಿ. ಎಲ್ಲ ಮಾತಿನಲ್ಲಿತ್ತು, ಯಾವುದಕ್ಕೂ ಆಕಾರ ಇರಲಿಲ್ಲ. ಆಕಾರ ಇದ್ದದ್ದು ಒಂದಕ್ಕೇ. ಒಂದು ಚಮಚ. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಕುಡುಕನಿಗೆ ಬಾಟಲಿ ಕಾಣುವ ಹಾಗೆ ಅವಳಿಗೆ ಆ ಚಮಚ ಕಾಣುತ್ತಿತ್ತು. ಬೇರೆಯವರ ಚಟ ಅಳೆಯಲು ಹೊರಟವಳಿಗೆ ತನ್ನದು ತಿಳಿಯಲಿಲ್ಲ.

ಅವನ ತಾಯಿ ಒಂದು ಮಧ್ಯಾಹ್ನ ತಾವಾಗಿಯೇ ಬಂದಿದ್ದರು. "ನನ್ನ ಮಗನ ಕೈ ಏನೋ ಮಾಡ್ತಿದೀಯಂತಲ್ಲ, ನೋಡೋಣ ಅಂತ ಬಂದೆ. ನನ್ನ ಕೈ ಬೇಡವೇನೇ? ನಾನೇ ಅಲ್ವಾ ಅವನನ್ನ ಮಾಡಿದ್ದು!" ಅಂತ ನಗುತ್ತ ಉಂಗುರ ತೆಗೆದಿಟ್ಟರು. ಬಾಯಿಗೆ ಬಿಡುವಿರಲಿಲ್ಲ. ಗಿರಾಕಿಗಳ ಸೊಂಟದ ಸುತ್ತಳತೆ, ಮಗನ ಬಾಲ್ಯದ ಹಟ, "ಮದುವೆಯಾದ್ಮೇಲೆ ನೀನೂ ಅವನ ಇಂಚು ಲೆಕ್ಕಕ್ಕೆ ಸಾಕಾಗಿ ಹೋಗ್ತೀಯ ನೋಡ್ತಿರು" ಅಂತೊಂದು ಚಿವುಟು.

ಆಗ ಅವಳು ಡ್ರಾಯರಿನಿಂದ ಚಮಚ ತೆಗೆದಳು.

"ಏನಾದ್ರೂ ಹಿಡ್ಕೊಂಡ್ರೆ ಬೆರಳು ಚೆನ್ನಾಗಿ ಬರುತ್ತೆ ಅಮ್ಮಾ."

"ಹೇಗೆ ಹಿಡೀಲಿ?"

"ಮಗೂಗೆ ಔಷಧಿ ಕುಡಿಸೋ ಹಾಗೆ."

ಅವರು ಹಿಡಿದರು. ಬೆರಳುಗಳು ತಾವಾಗಿಯೇ ಜಾಗಕ್ಕೆ ಬಂದು ಕೂತವು. ಆಮೇಲೆ ಇಪ್ಪತ್ತು ನಿಮಿಷ ಅವರು ಒಂದು ಮಾತೂ ಆಡಲಿಲ್ಲ. ವಯಸ್ಸಾದವರು, ದಣಿದಿದ್ದಾರೆ ಅಂದುಕೊಂಡಳು ಅವಳು.

*

ಈಗ ಜಗಳದ ಸಂಜೆ, ಕಿಟಕಿಯ ಬೆಳಕು ಇಳಿಯುತ್ತಿರುವಾಗ, ಅವಳು ಅಳತೆಕೋಲಿನ ಎದುರು ಕೂತಿದ್ದಳು. ಅದನ್ನು ಬಿಚ್ಚಿದಳು, ಮಡಚಿದಳು, ಮತ್ತೆ ಬಿಚ್ಚಿದಳು. ಒಂದು ಗಂಟೆ ಆಯಿತು. ಎರಡಾಯಿತು. ಅವನು ಬರಲಿಲ್ಲ.

ನಾಳೆ ಪರೀಕ್ಷಕರು ಬರುತ್ತಾರೆ. ಆ ಕೈ ಇಲ್ಲದಿದ್ದರೆ ಎರಡು ವರ್ಷದ ದುಡಿಮೆ ಬರೀ ಹನ್ನೊಂದು ಬಿಳಿ ಮುಷ್ಟಿ. ಇದ್ದರೆ ಅವನಿಲ್ಲ. ಅವಳು ಮೂಗು ಒರೆಸಿಕೊಂಡು, ಸಣ್ಣ ಉಳಿ ಸುತ್ತಿಗೆ ತಗೊಂಡಳು. ಚಮಚ ಮಾತ್ರ ಬಿಡಿಸೋಣ, ಕೈ ಉಳಿಸೋಣ ಅಂತ ಆಸೆ. ಪ್ಲಾಸ್ಟರ್ ಯಾರ ಆಸೆಯನ್ನೂ ಕೇಳುವುದಿಲ್ಲ. ಮೂರನೇ ಏಟಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕಳಚಿ ನೆಲಕ್ಕೆ ಬಿದ್ದವು. ಚಮಚ ಮಾತ್ರ ಅವಳ ಕೈಗೆ ಬಂತು. ಅವಳು ನೆಲದ ಮೇಲೆ ಕೂತು, ಉಗುರಿನಲ್ಲಿ ಸೂಜಿಯ ಗುರುತಿದ್ದ ಆ ಬೆರಳನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಮುರಿದ ಕೈಯನ್ನು ಸ್ಟ್ಯಾಂಡಿನಿಂದ ತೆಗೆಯಲು ಮನಸ್ಸಾಗಲಿಲ್ಲ. ಹಾಗೇ ಬಿಟ್ಟಳು.

ಮರುದಿನ ಕೋಣೆ ತುಂಬ ಜನ ಸೇರಿದ್ದಾಗ, ಸರಿಯಾಗಿ ಹನ್ನೊಂದಕ್ಕೆ ತಾಯಿ ಮಗ ಬಂದರು. ಅವನು ಸೀದಾ ಕಿಟಕಿಯ ಕಡೆ ನೋಡಿ, ಚಮಚ ಇಲ್ಲದ್ದು ಕಂಡು ಉಸಿರು ಬಿಟ್ಟ. ಅವಳ ಕಡೆ ಒಂದು ಕ್ಷಣ ತಿರುಗಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವಳ ಎದೆ ಹಗುರಾಯಿತು.

"ಅಯ್ಯೋ, ಬೆರಳೆಲ್ಲ ಮುರ್ಕೊಂಡಿದೀನಲ್ಲೇ," ಅಂದರು ತಾಯಿ. ಬಗ್ಗಿ ಹತ್ತಿರದಿಂದ ನೋಡಿದರು. ನಗು ಮೆಲ್ಲಗೆ ಮಾಯವಾಯಿತು. "ಚಮಚ ಎಲ್ಲಿ?"

"ಅಮ್ಮಾ, ಬಾ ಹೋಗೋಣ," ಅಂದ ಅವನು.

"ತಾಳೋ. ಚಮಚ ಎಲ್ಲೇ?"

"ತೆಗೆದುಬಿಟ್ಟೆ ಅಮ್ಮಾ."

"ಯಾರು ತೆಗಿ ಅಂದಿದ್ದು? ಇವನಾ?"

ಅವನು ತಲೆ ತಗ್ಗಿಸಿದ. ತಾಯಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಮಗನ ಕಡೆ ನೋಡದೆ, ಮುರಿದ ಕೈಯ ಕಡೆ ನೋಡುತ್ತ ಹೇಳಿದರು.

"ಮಗೂಗೆ ಔಷಧಿ ಕುಡಿಸೋ ಹಾಗೆ ಹಿಡೀರಿ ಅಂದಳಲ್ಲ, ಆಗಲೇ ಗೊತ್ತಾಯ್ತು ನೀನು ಇವಳಿಗೆ ಹೇಳಿದೀಯ ಅಂತ. ನಿನಗೆ ನೆನಪಿದೆ ಅಂತ. ಇಪ್ಪತ್ತು ನಿಮಿಷ ಕೂತಿದ್ದೆ ಕಣೋ. ಬೆರಳು ಸಡಿಲ ಬಿಟ್ಟಿದ್ರೆ ಚಮಚ ಬಿದ್ದೇ ಹೋಗ್ತಿತ್ತು. ಬಿಡಲಿಲ್ಲ."

"ಅಮ್ಮಾ..."

"ನೀನು ಕುಡಿದು ಬಿದ್ದಾಗೆಲ್ಲ ಎತ್ಕೊಂಡು ಬಂದು ಮಲಗಿಸ್ತಿದ್ದೆನಲ್ಲ, ಒಂದ್ಸಲನಾದ್ರೂ ನನ್ನ ಬೈತಾನೇನೋ ಅಂತ ಕಾಯ್ತಿದ್ದೆ. ಬೈದಿದ್ರೆ ಚೆನ್ನಾಗಿತ್ತು. ನೀನು ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ. ಇಬ್ಬರೂ ಒಬ್ಬರಿಗೊಬ್ಬರು ಪಹರೆ ಕಾದಿದ್ದೇ ಬಂತು."

ಅವನು ನೆಲದ ಮೇಲೆ ಕೂತು ತಾಯಿಯ ಮಂಡಿಗೆ ಹಣೆ ಒತ್ತಿದ. ಮೂವತ್ತೆರಡು ವರ್ಷದ ಗಂಡಸು, ಅಷ್ಟು ಜನರ ಮುಂದೆ. ತಾಯಿಯ ಸೊಟ್ಟ ಕಿರುಬೆರಳು ಅವನ ಕೂದಲಲ್ಲಿ ಆಡಿತು. ಆಮೇಲೆ ಅವರು ಅವಳ ಕಡೆ ಕೈಚಾಚಿ ಚಮಚ ಇಸಕೊಂಡು, ಮುರಿದ ಕೈಯ ಮುಂದೆ ತಾವೇ ಇಟ್ಟರು. "ಇರಲಿ. ಯಾವಳಾದ್ರೂ ತಾಯಿ ನೋಡ್ಲಿ," ಅಂದರು.

ಪರೀಕ್ಷಕರು ಅದರ ಮುಂದೆ ಬಹಳ ಹೊತ್ತು ನಿಂತರು. ಗೈಡ್ ಮೇಡಂ ಅವಳ ಭುಜ ತಟ್ಟಿದರು. ಅವಳ ಕಣ್ಣೆಲ್ಲ ಬಾಗಿಲ ಮೇಲಿತ್ತು.

*

ತಾಯಿಯನ್ನು ಮನೆಗೆ ಬಿಟ್ಟು ಅವನು ಸಂಜೆ ಮೂರನೇ ಮಹಡಿಗೆ ಬಂದ. ಜನ ಕರಗಿದ್ದರು. ಅವಳು ಓಡಿಹೋಗಿ ಕೈಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಅಮ್ಮನಿಗೆ ಕೋಪ ಇಲ್ಲ ಅಲ್ವಾ? ಎಲ್ಲಾ ಸರಿಹೋಯ್ತು ಅಲ್ವಾ ಇಂಚಪ್ಪ?"

"ಅಮ್ಮ ಊಟ ಮಾಡಿ ಮಲಗಿದಾಳೆ. ಹೀಗೆ ನಿಶ್ಚಿಂತೆಯಿಂದ ಮಲಗಿದ್ದು ನಾನು ನೋಡೇ ಇರಲಿಲ್ಲ." ಅವನು ಮುರಿದ ಕೈಯ ಕಡೆ ನೋಡಿದ. "ಕೆಲಸ ಚೆನ್ನಾಗಿ ಬಂದಿದೆ ಸುಣ್ಣಮ್ಮ. ಅದೇ ಕಷ್ಟ."

"ಅಂದ್ರೆ?"

"ಕೆಟ್ಟದಾಗಿದ್ದಿದ್ರೆ ಬೈದು ಮರೀತಿದ್ದೆ."

"ತಪ್ಪಾಯ್ತು ಅಂತ ಮುರಿದೆನಲ್ಲೋ. ನನ್ನ ಕೈಯಾರೆ ಮುರಿದೆ."

"ಗೊತ್ತು. ಅದಕ್ಕೇ ನಿನ್ನೆಗಿಂತ ಇವತ್ತು ಜಾಸ್ತಿ ಪ್ರೀತಿ ಇದೆ. ಸುಳ್ಳು ಯಾಕೆ ಹೇಳಲಿ." ಹತ್ತು ತಿಂಗಳಲ್ಲಿ ಪ್ರೀತಿ ಇದೆ ಅಂತ ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಆದ್ರೆ ಕೇಳು. ನಾನು ಕುಡೀದೆ ಇರೋದು ಹೇಗೆ ಗೊತ್ತಾ? ಮನಸ್ಸಲ್ಲಿ ಬಂದಿದ್ದನ್ನ ಬಂದ ಹಾಗೇ ಹೇಳಿ ಹೇಳಿ. ಮೊದಲು ಡಾಕ್ಟರಿಗೆ, ಅಮ್ಮನದೊಂದು ಬಿಟ್ಟು. ಆಮೇಲೆ ನಿನಗೆ, ಅದೂ ಸೇರಿ. ಈಗ ಮೆಟ್ಟಿಲು ಹತ್ತುವಾಗ ಏನೋ ಒಂದು ನೆನಪಾಯ್ತು, ಅಪ್ಪಂದು. ನಿನಗೆ ಹೇಳಬೇಕು ಅನ್ನಿಸ್ತು. ತಕ್ಷಣ, ಇದನ್ನ ಇವಳು ಎಲ್ಲಿಡ್ತಾಳೆ, ಯಾವ ಸ್ಟ್ಯಾಂಡ್ ಮೇಲೆ ಅಂತ ಯೋಚನೆ ಬಂತು. ನುಂಗಿಬಿಟ್ಟೆ. ನಾನು ನುಂಗೋಕೆ ಶುರುಮಾಡಿದ್ರೆ ಎಲ್ಲಿಗೆ ಹೋಗಿ ನಿಲ್ತೀನಿ ಅಂತ ನಿನಗೇ ಗೊತ್ತಲ್ಲ."

"ಇನ್ಯಾವತ್ತೂ ಮಾಡಲ್ಲ. ಆಣೆ ಮಾಡ್ತೀನಿ."

"ಆಣೆ ಮಾಡಬೇಡವೇ. ನಾನೂ ನೂರು ಸಲ ಮಾಡಿದೀನಿ. ಮಾಡಿದಾಗೆಲ್ಲ ನಿಜವಾಗೇ ಮಾಡಿದ್ದೆ."

ಅವನ ಅಂಗೈಯ ಬಿಸಿ ಮಾತ್ರ ಅವಳ ಕೈಯೊಳಗಿತ್ತು. ಅಲ್ಲಾಡದೆ ಹಿಡಿದೇ ನಿಂತಳು, ಅಲ್ಲಾಡಿದರೆ ಅಚ್ಚು ಹಾಳಾಗುತ್ತದೆ ಅನ್ನುವ ಹಾಗೆ. ಅವನೂ ನಿಂತ. ಎಷ್ಟು ಹೊತ್ತೋ. ಬಹುಶಃ ಇಪ್ಪತ್ತು ನಿಮಿಷ.

ಆಮೇಲೆ ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಅವಳ ಹುಬ್ಬಿನ ಮೇಲಿದ್ದ ಬಿಳಿ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ.

"ಕುಡಿಯೋಕೆ ಹೋಗ್ತಿಲ್ಲ, ಹೆದರಬೇಡ," ಅಂದ. "ಬರೀ ಹೋಗ್ತಿದೀನಿ."

ಮೇಜಿನ ಹತ್ತಿರ ಹೋಗಿ ಅಳತೆಕೋಲನ್ನು ಎತ್ತಿಕೊಂಡ. ಅದನ್ನು ಹುಡುಕಲು ಅವನಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಮಡಚಿ ಹಿಂದಿನ ಜೇಬಿಗೆ ಸಿಕ್ಕಿಸಿ, ಕಿವಿಯ ಮೇಲಿನ ಪೆನ್ಸಿಲನ್ನೂ ಒಮ್ಮೆ ಮುಟ್ಟಿ ನೋಡಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಪ್ರದರ್ಶನ ಮುಗಿದ ದಿನ ಸ್ಟ್ಯಾಂಡುಗಳನ್ನು ಕಳಚಲು ಬಂದದ್ದು ಬೇರೆ ಕಾರ್ಪೆಂಟರ್. "ಮೊದಲಿನವರು ಕೆಲಸ ಬಿಟ್ರಂತೆ. ತಾಯಿ ಜೊತೆ ಬೇರೆ ಊರಿಗೆ ಹೋದ್ರಂತೆ," ಅಂದ. ಅವಳು ಸರಿ ಅಂದಳು. ಆತ ಹೋದ ಮೇಲೆ ಮೇಜಿನ ಮೇಲೆ ನೋಡಿದಳು, ಡ್ರಾಯರ್ ಎಳೆದು ನೋಡಿದಳು, ಮಂಡಿಯೂರಿ ಮೇಜಿನ ಕೆಳಗೂ ನೋಡಿದಳು.

ಅವನು ಏನನ್ನೂ ಮರೆತು ಹೋಗಿರಲಿಲ್ಲ.